ಹತ್ತು ದಿನದ ತಟ್ಟೆ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ‘ಪಿಪೆಟ್ ರಾಣಿ’ ಎನ್ನುತ್ತಿದ್ದರು. ಹನಿ ಅಳೆಯುವುದರಲ್ಲಿ ಅವಳದು ಎತ್ತಿದ ಕೈ. ಅಂಥವಳ ಎಡಗಣ್ಣಿಗೇ ಸೋಮವಾರ ಮಧ್ಯಾಹ್ನ ವೈರಸ್ ತುಂಬಿದ ದ್ರವದ ಹನಿಯೊಂದು ಸಿಡಿಯಿತು. ಟ್ಯೂಬಿನ ಬಿಗಿ ಮುಚ್ಚಳ ಫಟ್ಟನೆ ಕಿತ್ತುಬಂದಿತ್ತು, ಕಣ್ಣಿನ ಮೇಲಿರಬೇಕಾದ ಕನ್ನಡಕ ಹಣೆಯ ಮೇಲಿತ್ತು. ನಲ್ಲಿಯಡಿ ಕಣ್ಣು ತೊಳೆದುಕೊಂಡು ಸುತ್ತ ನೋಡಿದಳು. ಯಾರೂ ಕಂಡಿರಲಿಲ್ಲ.

ಅದು ನೆಗಡಿ, ಕೆಂಗಣ್ಣು ತರುವ ಅಡೆನೊವೈರಸ್. ಅದರ ಸಂತಾನ ಬೆಳೆಸುವ ಜೀನನ್ನು ಕತ್ತರಿಸಿ, ಆ ಜಾಗದಲ್ಲಿ ಮನುಷ್ಯನ ಜೀನೊಂದನ್ನು ಕೂರಿಸಿದ್ದರು. ಕೋಶದೊಳಗೆ ಆ ಜೀನನ್ನು ಇಳಿಸಿ ವೈರಸ್ ತೆಪ್ಪಗಿರಬೇಕು. ಕತ್ತರಿಸಿದ ಜೀನಿನ ಕೆಲಸವನ್ನು ಒದಗಿಸುವ ವಿಶೇಷ ಕೋಶಗಳಲ್ಲಿ ಮಾತ್ರ ಅದು ಬೆಳೆಯುತ್ತದೆ. ಆದರೆ ಅಲ್ಲೇ ಮತ್ತೆ ಮತ್ತೆ ಬೆಳೆಸಿದರೆ, ಅಪರೂಪಕ್ಕೊಮ್ಮೆ, ಕಳೆದುಕೊಂಡದ್ದನ್ನು ಆ ಕೋಶಗಳಿಂದಲೇ ಕಿತ್ತುಕೊಂಡು ಹಳೆಯ ಚಾಳಿಗೆ ಮರಳುತ್ತದೆ. ಅದಕ್ಕೇ ಪ್ರತಿ ಹೊಸ ಬ್ಯಾಚನ್ನೂ ಸಾಮಾನ್ಯ ಕೋಶಗಳ ತಟ್ಟೆಗೆ ಹಾಕಿ ಹತ್ತು ದಿನ ಕಾಯಬೇಕು. ಕೋಶಗಳು ಉಳಿದರೆ ಕ್ಷೇಮ.

ಈ ಬ್ಯಾಚಿಗೆ ಅವಳು ತಟ್ಟೆಯನ್ನೇ ಇಟ್ಟಿರಲಿಲ್ಲ. ಹಿಂದಿನ ಐದೂ ಪಾಸಾಗಿದ್ದವು, ಇದೇನು ಬೇರೆಯೇ ಎಂದು ಲ್ಯಾಬಿನ ದಾಖಲೆ ಪುಸ್ತಕದಲ್ಲಿ ‘ಪರೀಕ್ಷಿಸಿದೆ’ ಎಂದು ಬರೆದುಬಿಟ್ಟಿದ್ದಳು. ಹನಿಯ ಸುದ್ದಿ ಹೇಳಿದರೆ ಲ್ಯಾಬಿನ ಮುಖ್ಯಸ್ಥೆ ಮೇಡಂ ಮೊದಲು ತೆರೆಯುವುದೇ ಆ ಪುಟ. ಬಾಯಿ ಹೊಲಿದುಕೊಂಡು, ಕದ್ದುಮುಚ್ಚಿ ಈಗ ಆ ಬ್ಯಾಚಿನದೊಂದು ತಟ್ಟೆ ಇಟ್ಟಳು.

ಮನೆಯಲ್ಲಿ ತಂಗಿಯಿದ್ದಳು. ಎರಡು ವರ್ಷದ ಹಿಂದೆ ಅಕ್ಕನ ಕಿಡ್ನಿಯನ್ನೇ ಅವಳಿಗೆ ಹಾಕಿದ್ದರು. ಮೈ ಅದನ್ನು ತಿರಸ್ಕರಿಸದಿರಲೆಂದು ನುಂಗುವ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನೇ ಕುಂದಿಸಿದ್ದವು. ಊರಿಗೆಲ್ಲ ಬರೀ ನೆಗಡಿ, ಅವಳಿಗೆ ಜೀವಕ್ಕೇ ಸಂಚಕಾರ. ಅಕ್ಕ ಬೇರೆ ಕೋಣೆಯಲ್ಲಿ ಮಲಗಿದಳು, ಬೇರೆ ಟವೆಲ್ ಇಟ್ಟುಕೊಂಡಳು, ಕೆಲಸದ ನೆಪ ಹೇಳಿದಳು.

ಶನಿವಾರ ಬೆಳಿಗ್ಗೆ ಕಣ್ಣು ಕೆಂಪಾಗಿ ರೆಪ್ಪೆ ಅಂಟಿಕೊಂಡಿತ್ತು. ಬಿಡಿಸಿಕೊಳ್ಳುವಷ್ಟರಲ್ಲಿ ತಂಗಿ ಬಿಸಿನೀರಲ್ಲಿ ಅದ್ದಿದ ಬಟ್ಟೆ ಹಿಡಿದು ಒರೆಸುತ್ತಿದ್ದಳು.

“ಮುಟ್ಟಬೇಡ್ವೇ! ಧೂಳು ಬಿದ್ದಿದೆ ಅಷ್ಟೇ.”

“ಕಿಡ್ನಿ ಕೊಟ್ಟೋಳು ಕಣ್ಣು ಒರೆಸೋಕೂ ಬಿಡಲ್ವಾ?”

ಅಕ್ಕ ಬಟ್ಟೆ ಕಿತ್ತುಕೊಂಡಳು. ಕೈ ತೊಳೆದುಕೋ ಎಂದು ಹತ್ತು ಸಲ ಹೇಳಿದಳು. ಯಾಕೆಂದು ಮಾತ್ರ ಹೇಳಲಿಲ್ಲ.

ದಿನಾ ಲ್ಯಾಬಿಗೆ ಹೋದವಳೇ ಮೈಕ್ರೋಸ್ಕೋಪಿಗೆ ಕಣ್ಣಿಡುತ್ತಿದ್ದಳು. ಕೋಶಗಳು ಒತ್ತೊತ್ತಾಗಿ ನೆಲಕ್ಕೆ ಅಂಟಿಕೊಂಡಿದ್ದವು. ನೋಡು, ಏನೂ ಆಗಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮೇಡಂ ಸುಮ್ಮನೆ “ಕಣ್ಣಿಗೇನಮ್ಮಾ?” ಎಂದದ್ದಕ್ಕೆ ಪುಸ್ತಕವನ್ನು ಎದೆಗವಚಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!

ಹತ್ತನೆಯ ದಿನ ತಟ್ಟೆಯ ನಡುವೆ ಕೋಶಗಳ ಹಾಸಿನಲ್ಲಿ ತೂತು ಬಿದ್ದಿತ್ತು. ಸುತ್ತಲಿನ ಕೋಶಗಳು ಸಾಸಿವೆಯಂತೆ ದುಂಡಗಾಗಿ ಎದ್ದು ತೇಲುತ್ತಿದ್ದವು. ಕಿಡ್ನಿ ಕೊಟ್ಟು ಕಾದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಫೋನ್ ರಿಂಗಾಯಿತು.

“ಅಕ್ಕಾ, ನಿನ್ನ ಕಣ್ಣಿನ ಧೂಳು ನನ್ನ ಕಣ್ಣಿಗೂ ಬಿದ್ದಿರೋ ಹಾಗಿದೆ,” ತಂಗಿ ನಗಲು ನೋಡಿದಳು. “ಜ್ವರಾನೂ ಬಂದಿದೆ. ಧೂಳೇ ತಾನೆ ಅದು?”

ಅವಳು ಪುಸ್ತಕ, ತಟ್ಟೆ ಎರಡನ್ನೂ ಎತ್ತಿಕೊಂಡಳು. ಫೋನ್ ಕಿವಿಗೆ ಒತ್ತಿಕೊಂಡೇ ಮೇಡಂ ಕೋಣೆಯ ಬಾಗಿಲನ್ನು ಭುಜದಿಂದ ತಳ್ಳಿದಳು.

“ಧೂಳಲ್ಲ ಕಣೇ,” ಎಂದಳು, ಇಬ್ಬರಿಗೂ ಕೇಳುವಂತೆ. “ನಾನು ಸುಳ್ಳು ಹೇಳಿದೆ.”