ಕ್ಯಾಮೆರಾ ತೋರಿಸದ ಆಶ್ಲಿನ್

ಯೂರೋಪಿನವರ ಹಾಡಿನ ಸ್ಪರ್ಧೆಯಲ್ಲಿ ಆಸ್ಟ್ರೇಲಿಯಾ ಹಾಡುವುದೇ ಜೆಸ್ಲಿನ್‌ಗೆ ತಮಾಷೆಯಾಗಿ ಕಂಡಿತ್ತು. ಆ ವರ್ಷ ಯೂರೋವಿಷನ್‌ಗೆ ಹೊರಟ ಗಾಯಕಿಗೆ ಹಿಂದೆ ನಿಂತು ದನಿಗೂಡಿಸುವವರಲ್ಲಿ ಆಶ್ಲಿನ್ ಕೂಡ ಇದ್ದಾಳೆ ಎಂದು ಗೊತ್ತಾದಾಗ ತಮಾಷೆ ಮುಗಿಯಿತು.

ಆಶ್ಲಿನ್ ಅವಳ ಚಿಕ್ಕಮ್ಮನ ಮಗಳು, ಸಿಡ್ನಿಯ ಲಿವರ್‌ಪೂಲ್ ಬಡಾವಣೆಯಲ್ಲಿದ್ದವಳು. ಇಬ್ಬರೂ ಮಂಗಳೂರಿನಲ್ಲಿದ್ದಾಗ ಇಗರ್ಜಿಯ ಹಾಡಿನ ತಂಡದಲ್ಲಿ ಜೆಸ್ಲಿನ್ ಮುಂದೆ ನಿಂತರೆ ಆಶ್ಲಿನ್ ಹಿಂದಿನ ಸಾಲು. ಮೆಲ್ಬರ್ನಿಗೆ ಬಂದ ಮೇಲೂ, ಮದುವೆಗೆ ಮುಂಚೆ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ರೋಸ್‌ನಲ್ಲಿ ಕೊಂಕಣಿಯ ವೊವಿಯೊ ಹಾಡು ಎತ್ತಿಕೊಡುವವಳು ಜೆಸ್ಲಿನ್ನೇ. ಉಳಿದ ಹೆಂಗಸರು ಕೊನೆಯ ಸಾಲು ಹಿಡಿಯಬೇಕು. ವೃದ್ಧರ ಆರೈಕೆಯ ಶಿಫ್ಟುಗಳಲ್ಲಿ ಸವೆಯುತ್ತಿದ್ದ ಅವಳನ್ನು ಜನ ಗುರುತಿಸುತ್ತಿದ್ದುದು ಅದೊಂದಕ್ಕೇ.

ಈಗ ತಮ್ಮ ಬ್ರಾಯನ್‌ನ ರೋಸ್ ಹತ್ತಿರ ಬಂದಿತ್ತು.

"ಈ ಸಲ ವೊವಿಯೊ ಆಶ್ಲಿನ್ ಹೇಳಲಿ," ಎಂದರು ತಾಯಿ ಡೊರೊಥಿ. "ಟಿವಿಯಲ್ಲಿ ಬರುವವಳು. ಹುಡುಗಿ ಕಡೆಯವರಿಗೂ ಗೊತ್ತಾಗ್ಲಿ ನಮ್ಮ ಫ್ಯಾಮಿಲಿ ಎಂತದ್ದು ಅಂತ."

"ಅವಳಿಗೆ ಎಷ್ಟು ವೊವಿಯೊ ಬರ್ತದೆ ಮಮ್ಮಿ?"

"ನೀನು ಕಲಿಸು. ನಿಂಗೆ ಎಂತ, ಹೊಟ್ಟೆಕಿಚ್ಚಾ?"

ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಹುಡುಕುವ ಗೋಜಿಗೆ ಜೆಸ್ಲಿನ್ ಹೋಗಲಿಲ್ಲ.

ಫೈನಲ್ ದಿನ ಯೂರೋಪಿನಲ್ಲಿ ಶನಿವಾರದ ರಾತ್ರಿ, ಅವರ ಮನೆಯಿದ್ದ ಮೆಲ್ಬರ್ನಿನ ಟ್ರುಗನಿನಾದಲ್ಲಿ ಭಾನುವಾರದ ಬೆಳಿಗ್ಗೆ. ಡೊರೊಥಿ ಇಡ್ಲಿಯಂಥ ಸಾನ್ನ ಬೇಯಿಸಿ ಬೀಗಿತ್ತಿಯನ್ನೂ ಕರೆದಿದ್ದರು. ಹಾಡು ಶುರುವಾಯಿತು. ಗಾಯಕಿಯೊಬ್ಬಳೇ ವೇದಿಕೆಯ ನಡುವೆ, ಸುತ್ತ ಹೊಗೆ, ಬೆಳಕು. ಕ್ಯಾಮೆರಾ ಅವಳನ್ನು ಬಿಟ್ಟು ಕದಲಲಿಲ್ಲ.

"ಎಲ್ಲಿ ನಿಮ್ಮ ತಂಗಿಯ ಮಗಳು?" ಬೀಗಿತ್ತಿ ಕೇಳಿದರು.

"ಹೊಗೆಯ ಒಳಗೆ ಇರ್ಬೇಕು," ಎಂದರು ಜೆಸ್ಲಿನ್‌ಳ ತಂದೆ ಹೆನ್ರಿ. ಬೀಗಿತ್ತಿ ನಕ್ಕರು. ಡೊರೊಥಿ ನಗಲಿಲ್ಲ.

ಕೊನೆಗೆ ಗಾಯಕಿ ಕೈ ಮೇಲೆತ್ತಿ ಬಾಯಿ ತೆರೆದಳು. ಉಸಿರು ಸಾಲಲಿಲ್ಲ. ಆದರೂ ಸ್ವರ ಏರಿತು. ಒಂದಿಷ್ಟು ಕೆಳಗಿನಿಂದ ಜಾರುತ್ತ ಬಂದು ಮೇಲಿನ ಸ್ವರವನ್ನು ಕಚ್ಚಿ ಹಿಡಿಯಿತು. ಜೆಸ್ಲಿನ್‌ಳ ಮೈ ಜುಮ್ಮೆಂದಿತು. ಹಾಗೆ ಜಾರಿಸುವುದಕ್ಕೆ ಹಾಡಿನ ಮಾಸ್ತರರಿಂದ ಬೈಸಿಕೊಳ್ಳುತ್ತಿದ್ದವಳು ಆಶ್ಲಿನ್. ಆಗಿನ್ನೂ ಆ ಸ್ಪರ್ಧೆಯಲ್ಲಿ ರೆಕಾರ್ಡ್ ಮಾಡಿದ ದನಿ ಹಾಕುವಂತಿರಲಿಲ್ಲ. ಸಭಾಂಗಣ ಇಡೀ ಎದ್ದು ನಿಂತಿದ್ದು ಆಶ್ಲಿನ್‌ಳ ಸ್ವರಕ್ಕೆ.

"ನೀನು ಹಾಡುವವಳು. ನಿಂಗಾದ್ರೂ ಅವಳ ದನಿ ಕೇಳಿತಾ?" ಡೊರೊಥಿ ಕೇಳಿದರು.

ಜೆಸ್ಲಿನ್ ಸಾನ್ನ ಮುರಿದಳು. "ಇಲ್ಲ ಮಮ್ಮಿ. ಗುಂಪಿನಲ್ಲಿ ಎಲ್ಲೋ ಆ, ಊ ಅಂದಿರ್ಬೇಕು."

ಬೀಗಿತ್ತಿಯನ್ನು ಕಳಿಸಿ ಬಂದ ಡೊರೊಥಿ ಪಾತ್ರೆ ತೊಳೆಯುತ್ತ ಹೇಳಿದರು: "ವೊವಿಯೊ ನೀನೇ ಹೇಳು."

ರೋಸ್ ನಡೆದದ್ದು ಮನೆಯ ಗ್ಯಾರೇಜಿನಲ್ಲಿ. ಸಿಡ್ನಿಯಿಂದ ಬಂದ ಆಶ್ಲಿನ್ ಕಾಲಿಟ್ಟ ಕೂಡಲೇ ಜೆಸ್ಲಿನ್‌ಳ ಕೈ ಹಿಡಿದಳು.

"ಅಕ್ಕಾ, ಆ ಲಾಸ್ಟ್ ನೋಟ್ ನಂದೇ. ಯಾರಿಗೂ ಗೊತ್ತಾಗ್ಲಿಲ್ಲ. ನಿಂಗೆ ಗೊತ್ತಾಗಿರ್ತದೆ ಅಂತ ಮಾತ್ರ ಗ್ಯಾರಂಟಿ ಇತ್ತು."

"ನಮ್ಮ ಟಿವಿಯ ಸೌಂಡ್ ಸರಿ ಇಲ್ಲ ಮಾರಾಯ್ತಿ."

"ಹೌದಾ," ಎಂದ ಆಶ್ಲಿನ್ ಕೈ ಬಿಟ್ಟು, ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಳು.

ಜೆಸ್ಲಿನ್ ಬೇಕೆಂದೇ ಎತ್ತರದ ಶ್ರುತಿಯಲ್ಲಿ ಶುರುಮಾಡಿದಳು. ಯಾರ ಸ್ವರ ದೊಡ್ಡದೆಂದು ಕೇಳಲಿ, ಎಲ್ಲರೂ. ಬ್ರಾಯನ್‌ನ ತಲೆಯ ಮೇಲೆ ಹಾಲು ಇಳಿಯುತ್ತಿತ್ತು, ಹೆಂಗಸರು ಸಾಲು ಹಿಡಿಯುತ್ತಿದ್ದರು. ಮೂರನೆಯ ವೊವಿಯೊದ ತುದಿಗೆ ಬಂದಾಗ ಆ ಎತ್ತರ ಎಟುಕಲಿಲ್ಲ. ಬಾಯಿ ತೆರೆದೇ ಇತ್ತು, ಸ್ವರ ಬರಲಿಲ್ಲ.

ಆ ಕ್ಷಣಕ್ಕೆ ಬೆನ್ನ ಹಿಂದಿನಿಂದ, ಒಂದಿಷ್ಟು ಕೆಳಗಿನಿಂದ ಜಾರುತ್ತ ಬಂದ ದನಿ ಅವಳು ಕೈಬಿಟ್ಟ ಸ್ವರವನ್ನು ಎತ್ತಿ ಹಿಡಿಯಿತು. ಉಳಿದವರು ಸೇರಿಕೊಂಡರು. ಯಾರಿಗೂ ಏನೂ ತಿಳಿಯಲಿಲ್ಲ.

"ಎಂಥಾ ಸ್ವರ!" ಬೀಗಿತ್ತಿ ಜೆಸ್ಲಿನ್‌ಳ ಬೆನ್ನು ತಟ್ಟಿದರು. "ಟಿವಿಗೆ ಕಳಿಸ್ಬೇಕಿದ್ದದ್ದು ಇವಳನ್ನು!"

ಡೊರೊಥಿಯ ಮುಖ ಅರಳಿತು. ಜೆಸ್ಲಿನ್ ಹಿಂತಿರುಗಿ ನೋಡಿದಳು. ಆಶ್ಲಿನ್ ನೆಲ ನೋಡುತ್ತ ಮುಂದಿನ ಸಾಲಿಗೆ ಕಾಯುತ್ತಿದ್ದಳು.

"ಥ್ಯಾಂಕ್ಸ್ ಆಂಟಿ," ಎಂದ ಜೆಸ್ಲಿನ್, ಮುಂದಿನ ವೊವಿಯೊವನ್ನು ಶ್ರುತಿ ಸ್ವಲ್ಪ ತಗ್ಗಿಸಿ ಎತ್ತಿಕೊಂಡಳು.