ಬಾಲ ಕಟ್ಟುವ ಕೈ

ಇಂಗಳೀಕದ ಕೆಂಪು ಬಣ್ಣದ ಬಟ್ಟಲಲ್ಲಿ ಅದ್ದಿದ ಬೆರಳನ್ನು ಗುಡ್ಡಪ್ಪ ಮುಖಕ್ಕೆ ಒಯ್ಯಲಿಲ್ಲ. ಗುಡಿಸಲ ಗೂಟಕ್ಕೆ ತೂಗುಹಾಕಿದ್ದ ಕನ್ನಡಿಯಲ್ಲಿ ಅವನ ಮುಖ ಬೋಳಾಗಿ, ಯಾರದೋ ಮುಖದಂತೆ ಕಾಣುತ್ತಿತ್ತು. ಬೆರಳಿನ ಕೆಂಪನ್ನು ಹಳೆಯ ಪಂಚೆಗೆ ಒರೆಸಿಕೊಂಡ.

"ಯಾಕ್ರಿ? ಹಚ್ಕೋರಿ," ಎಂದಳು ಹೆಂಡತಿ ಉಚ್ಚೆಂಗಮ್ಮ. ಹನುಮಂತನ ವೇಷದ ಬಾಲ ಅವಳ ತೊಡೆಯ ಮೇಲಿತ್ತು. "ವೇಷದಾಗ ಬರ್ರಿ ಅಂತ ನಮ್ಮ ಹುಡುಗನ ಗೆಳತಿ ದೇವಿಕಾ ಎಷ್ಟ್ ಹೇಳಿ ಹೋಗ್ಯಾಳ."

"ಕಾಲೇಜಿಗೆ ವೇಷದಾಗ ಬರಬ್ಯಾಡ ಅಂದಿದ್ದ ಮಗ. ಇದ್ದಾಗ ಅವನ ಮಾತು ಮೀರ್ಲಿಲ್ಲ. ಈಗೂ ಮೀರಂಗಿಲ್ಲ ಬಿಡು."

ಉಚ್ಚೆಂಗಮ್ಮ ಬಾಲವನ್ನು ಮಡಚಿ ಟ್ರಂಕಿನಲ್ಲಿಟ್ಟಳು.

ಗುಡ್ಡಪ್ಪನದು ಹಗಲುವೇಷದ ಮನೆತನ. ಬೆಳಗಾದರೆ ಹನುಮಂತನಾಗಿ ಮನೆಮನೆಯ ಮುಂದೆ ಹಾಡಿ ಕುಣಿದು ಬರಬೇಕು. ಹೊಟ್ಟೆಪಾಡಿಗೆ ನೂರು ವೇಷ ಎನ್ನುತ್ತಾರೆ ಜನ. ಪಾಪ, ಇವನು ಒಂದರಲ್ಲೇ ಸಾಗಿಸಿದವನು. ಬಣ್ಣ ಬಳಿದಾಗ ಕಾಲಿಗೆ ಬಿದ್ದವರೇ ಬಣ್ಣ ತೊಳೆದು ಹೋದರೆ "ಯಾರ್ಲೇ ಅಂವ?" ಎಂದು ಬಾಗಿಲು ಮುಂದೆ ಮಾಡುತ್ತಿದ್ದರು. ಅದು ಅವನಿಗೆ ರೂಢಿಯಾಗಿತ್ತು. ರೂಢಿಯಾಗದೆ ಉಳಿದದ್ದು ಮಗನ ಮಾತು ಒಂದೇ.

ಅವರಲ್ಲೊಂದು ಪದ್ಧತಿ ಇದೆ. ಬಣ್ಣ ತಾನೇ ಹಚ್ಚಿಕೊಳ್ಳಬಹುದು, ಕಿರೀಟ ತಾನೇ ಇಟ್ಟುಕೊಳ್ಳಬಹುದು. ಬಾಲವನ್ನು ಮಾತ್ರ ತಾನೇ ಕಟ್ಟಿಕೊಳ್ಳಬಾರದು. ಅದನ್ನು ಮನೆಯವರು ಹಿಂದೆ ನಿಂತು ಕಟ್ಟಬೇಕು. ಕಟ್ಟುವವರಿಲ್ಲದ ಹನುಮಂತ ಬೀದಿಗೆ ಇಳಿಯುವಂತಿಲ್ಲ. ಮಗ ಕನಕರಾಜನಿಗೆ ಗಂಟು ಹಾಕುವಷ್ಟು ಬೆರಳು ಬಲಿತ ದಿನದಿಂದ ಆ ಕೆಲಸ ಅವನದಾಗಿತ್ತು. ಕಟ್ಟಿ, ಎಳೆದು ನೋಡಿ, "ಬಿಗಿ ಆತೇನಪ್ಪಾ?" ಎಂದು ಕೇಳುತ್ತಿದ್ದ.

ಮಗ ಕಾಲೇಜು ಸೇರಿದ ವರ್ಷ ಒಂದು ದಿನ ಬುತ್ತಿ ಮರೆತು ಹೋದ. ವೇಷ ಹಾಕಿ ಅತ್ತ ಕಡೆಯೇ ಹೊರಟಿದ್ದ ಗುಡ್ಡಪ್ಪ ಒಂದು ಕೈಯಲ್ಲಿ ಗದೆ, ಇನ್ನೊಂದು ಕೈಯಲ್ಲಿ ಬುತ್ತಿ ಹಿಡಿದು ಕಾಲೇಜಿನ ಅಂಗಳಕ್ಕೆ ನುಗ್ಗಿದ. ಹುಡುಗರು ಬಿದ್ದು ಬಿದ್ದು ನಕ್ಕರು. ಮಗ ಬೇವಿನ ಮರದ ಮರೆಗೆ ಸರಿದದ್ದನ್ನು ಗುಡ್ಡಪ್ಪ ನೋಡಿದ. ಅಂದು ಸಂಜೆ ಕನಕರಾಜ ತಲೆ ಎತ್ತದೆ ಹೇಳಿದ: "ಅಪ್ಪಾ, ಕಾಲೇಜಿಗೆ ವೇಷದಾಗ ಬರಬ್ಯಾಡ." ಮರುದಿನದಿಂದ ಬಾಲಕ್ಕೂ ಕೈ ಹಚ್ಚಲಿಲ್ಲ. ಉಚ್ಚೆಂಗಮ್ಮನೇ ಕಟ್ಟತೊಡಗಿದಳು. ಯಾಕೆಂದು ತಂದೆ ಕೇಳಲಿಲ್ಲ, ಮಗ ಹೇಳಲಿಲ್ಲ. ನನ್ನ ಮಗನಿಗೆ ನಾನೆಂದರೆ ನಾಚಿಕೆ ಎಂಬುದು ಗುಡ್ಡಪ್ಪನ ಎದೆಯಲ್ಲಿ ಮುಳ್ಳು ಮುರಿದಂತೆ ಒಳಗೇ ಉಳಿಯಿತು.

ಹೋದ ಬೇಸಿಗೆಯಲ್ಲಿ ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿ ಕನಕರಾಜನ ಬೈಕಿಗೆ ಬಡಿಯಿತು. ಸುದ್ದಿ ಬಂದಾಗ ಗುಡ್ಡಪ್ಪ ಬಂಡ್ರಿ ಎಂಬ ಊರಲ್ಲಿ ವೇಷದಲ್ಲಿದ್ದ. ಹಾಗೇ ಬಾಲ ಸಮೇತ ಆಸ್ಪತ್ರೆಗೆ ಓಡಿದ. ಜನ ದಾರಿ ಬಿಟ್ಟು ಕೈಮುಗಿದರು. ಒಬ್ಬ ಮುದುಕಿ ಜ್ವರ ಬಂದ ಮೊಮ್ಮಗನ ತಲೆಯನ್ನು ಅವನ ಮುಂದೆ ಬಗ್ಗಿಸಿದಳು. ಓಡುತ್ತಿದ್ದವನು ನಿಂತು, ರೂಢಿಯಂತೆ ಆ ತಲೆಯ ಮೇಲೆ ಕೈಯಿಟ್ಟು ಹರಸಿದ. ಒಳಗೆ ಹೋಗುವಷ್ಟರಲ್ಲಿ ತನ್ನ ಮಗ ಉಳಿದಿರಲಿಲ್ಲ. ಅಂದಿನಿಂದ ಅವನು ಬಣ್ಣ ಹಚ್ಚಿಲ್ಲ.

ದೇವಿಕಾ ಮಗನ ಜೊತೆ ಓದಿದವಳು. ಮೊನ್ನೆ ಚಿತ್ತವಾಡ್ಗಿಯ ಕಾಲುವೆ ದಂಡೆಯ ಈ ಗುಡಿಸಲು ಹುಡುಕಿಕೊಂಡು ಬಂದಿದ್ದಳು. "ಕಾಕಾ, ಕನಕ ಜಪಾನಿನ ಮಾಂಗಾ ನಮೂನಿ ಚಿತ್ರಕತಿ ಬರೀತಿದ್ದ. ಫೋನಿನ್ಯಾಗ ಭಾಳ ಮಂದಿ ಓದ್ಯಾರ. ನಿಮ್ಮ ಈ ಕಾಲುವಿ ದಂಡಿ ಮಂದೀದ ಕತಿ ಅದು. ಐತವಾರ ಅವನ ನೆನಪಿಗೆ ಎಲ್ಲಾರೂ ಆ ಕತಿಯೊಳಗಿನ ವೇಷ ಹಾಕ್ಕೊಂಡು ಕಾಲೇಜಿನ್ಯಾಗ ಸೇರ್ತೀವಿ. ನೀವೂ ವೇಷದಾಗ ಬರಬೇಕ್ರಿ."

ದಂಡೆಯವರ ಕತೆಯೆಂದರೆ ನಗೆಪಾಟಲಿನ ಕತೆಯೇ ಇರಬೇಕು ಎಂದುಕೊಂಡಿದ್ದ ಗುಡ್ಡಪ್ಪ.

ಈಗ ಬಿಳಿ ಅಂಗಿ ತೊಟ್ಟು, ಬರಿಮುಖದಲ್ಲಿ ಕಾಲೇಜಿನ ಸಭಾಂಗಣಕ್ಕೆ ಬಂದ. ಬಾಗಿಲಲ್ಲಿ ಬೆಟ್ಟದಷ್ಟು ಕೂದಲು ಹೊತ್ತ ಹುಡುಗಿಯೊಬ್ಬಳು ಬಲೂನು ಹಿಡಿದು ನಿಂತಿದ್ದಳು. ಕೂದಲು ಕೊಂಡು ಬಲೂನು ಕೊಡುವ ನೆರೆಮನೆಯ ಸಂಗಮ್ಮನ ವೇಷವದು ಎಂದು ಅವನಿಗೆ ತಿಳಿಯಲು ಹೊತ್ತು ಹಿಡಿಯಿತು.

"ಅಜ್ಜಾರೆ, ವೇಷ ಇಲ್ದೋರನ್ನ ಇವತ್ತು ಒಳಗ ಬಿಡಂಗಿಲ್ರಿ," ಎಂದಳು ಹುಡುಗಿ. "ನೀವು ಯಾರ್ರಿ?"

ಕನಕರಾಜನ ಅಪ್ಪ ಎನ್ನುವುದು ಬಾಯಿಯವರೆಗೆ ಬಂತು. ಮಗ ಮುಚ್ಚಿಟ್ಟದ್ದನ್ನು ತಾನು ಬಿಚ್ಚಬಾರದು ಅನ್ನಿಸಿತು. "ಯಾರೂ ಅಲ್ಲವ್ವಾ. ಇಲ್ಲೇ ನಿಂತು ನೋಡ್ತೀನಿ."

ಒಳಗೆ ಹುಡುಗ ಹುಡುಗಿಯರು ಕೋಲೆ ಬಸವನಾಗಿ, ಗಿಣಿ ಹಿಡಿದ ಶಾಸ್ತ್ರದವರಾಗಿ ಓಡಾಡುತ್ತಿದ್ದರು. ಅರ್ಧಕ್ಕರ್ಧ ಮಂದಿ ಹನುಮಂತರು. ಗೋಡೆಗೆ ಕತೆಯ ಹಾಳೆಗಳನ್ನು ದೊಡ್ಡದಾಗಿಸಿ ಅಂಟಿಸಿದ್ದರು. ಕೋಲೆ ಬಸವ ಆಟೋದಲ್ಲಿ ಕೂತು ಚಿಲ್ಲರೆಗಾಗಿ ಜಗಳ ತೆಗೆದಿತ್ತು. ಹನುಮಂತ ರೇಷನ್ ಅಂಗಡಿಯ ಸರದಿಯಲ್ಲಿ ಬಾಲವನ್ನು ಮುಂದೆ ನಿಲ್ಲಿಸಿ ತಾನು ನೆರಳಲ್ಲಿ ಮಲಗಿದ್ದ. ಗುಡ್ಡಪ್ಪನಿಗೆ ತಡೆಯಲಾರದೆ ನಗು ಬಂತು.

ಬಾಗಿಲ ಪಕ್ಕದ ಕೊನೆಯ ಹಾಳೆಯಲ್ಲಿ ಕಾಲೇಜಿತ್ತು, ಬೇವಿನ ಮರವಿತ್ತು, ಬುತ್ತಿ ಹಿಡಿದ ಹನುಮಂತನಿದ್ದ. ಗುಡ್ಡಪ್ಪನ ನಗು ನಿಂತಿತು. ಆದರೆ ಆ ಚಿತ್ರದಲ್ಲಿ ಯಾರೂ ಹನುಮಂತನನ್ನು ನೋಡಿ ನಗುತ್ತಿರಲಿಲ್ಲ. ಕಾಲೇಜಿನ ಹುಡುಗರು, ಮೇಷ್ಟ್ರು, ಕಸ ಗುಡಿಸುವವಳು, ಎಲ್ಲರಿಗೂ ಬಾಲವಿತ್ತು. ಮರದ ಹಿಂದಿನ ಹುಡುಗನೊಬ್ಬನಿಗೇ ಇರಲಿಲ್ಲ. ಅವನು ಸಣ್ಣದೊಂದು ಬಾಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದ. ಪಕ್ಕದ ಅಕ್ಷರಗಳನ್ನು ಗುಡ್ಡಪ್ಪ ಒಂದೊಂದಾಗಿ ಕೂಡಿಸಿ ಓದಿದ.

"ತಪ್ಪಾತು ಅಪ್ಪಾ. ನನಗೂ ಕಟ್ಟು."

ಗುಡ್ಡಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಇಷ್ಟನ್ನು ಗುಡಿಸಲಲ್ಲೇ ಹೇಳಿದ್ದರೆ ಆಗುತ್ತಿರಲಿಲ್ಲವೇ ಮಗನೇ? ತಾನಾದರೂ ಒಂದು ಸಲ ಕರೆದು ಕೇಳಬಾರದಿತ್ತೇ?

ಅಷ್ಟರಲ್ಲಿ ಹನುಮಂತನ ವೇಷದ ಹುಡುಗನೊಬ್ಬ ತಡವಾಗಿ ಓಡಿಬಂದ. ಬಾಲ ಸೊಂಟದಿಂದ ಜಾರಿ ನೆಲ ಗುಡಿಸುತ್ತಿತ್ತು.

"ಯಾರು ಕಟ್ಟಿದ್ದಪ್ಪ ನಿನಗ?" ಎಂದು ಕೇಳಿದ ಗುಡ್ಡಪ್ಪ.

"ನಾನೇ ಕಟ್ಕೊಂಡೀನ್ರಿ."

"ಹಂಗ ಕಟ್ಕೋಬಾರದು. ತಿರುಗು."

ಹುಡುಗ ಬೆನ್ನು ತಿರುಗಿಸಿದ. ಗುಡ್ಡಪ್ಪ ಪಟ್ಟಿಯನ್ನು ಹೆಗಲ ಮೇಲಿಂದ ತಂದು, ಎದೆಗೆ ಸುತ್ತಿ, ಬೆನ್ನ ನಡುವೆ ಗಂಟು ಹಾಕಿ ಎಳೆದ. ಬಾಲ ನೆಟ್ಟಗೆ ಎದ್ದು ನಿಂತಿತು.

"ಬಿಗಿ ಆತೇನಪ್ಪಾ?"

"ಆತ್ರಿ ಅಜ್ಜಾರೆ."

ಒಳಗಿನಿಂದ ಯಾರೋ ಹುಡುಗನನ್ನು ಕೂಗಿದರು. ಅವನು ಒಂದು ಹೆಜ್ಜೆ ಮುಂದಿಟ್ಟು, ಹಿಂದೆ ಜಗ್ಗಿದಂತಾಗಿ ನಿಂತ. ಗುಡ್ಡಪ್ಪನ ಕೈ ಇನ್ನೂ ಗಂಟಿನ ಮೇಲೇ ಇತ್ತು.