ಬರೆಯದೆ ಬಿಟ್ಟ ಮಾತು

ರೇಶಿಮೆ ಅಂಗಿ ಮೂರಕ್ಕೆ ಬಾಡಿಗೆ ಒಂಬೈನೂರು, ಹಾರ್ಮೋನಿಯಂನವನಿಗೆ ಸಾವಿರ, ಗಡ್ಡಕ್ಕೆ ಇನ್ನೂರು.

"ಮಾಸ್ತರ ಇದ್ದಿದ್ರ ಪುಂಡಿ ನಾರಿಲೆ ಗಡ್ಡ ಮಾಡಿ ಕೊಡ್ತಿದ್ರು," ಎಂದು ನಾಗೇಂದ್ರಪ್ಪ ನಾಟಕದ ಖರ್ಚಿನ ಚೀಟಿ ಮಡಚಿದ.

ನಾಟಕ ಕಲಿಸುತ್ತಿದ್ದ ಮಳಖೇಡದ ಭೀಮಶ್ಯಾ ಮಾಸ್ತರ ಸತ್ತು ಇಪ್ಪತ್ತೆರಡು ದಿನವಾಗಿತ್ತು. ನಾಳೆ ಸೇಡಂನಲ್ಲಿ ಅವರ ನಾಟಕ. ಅವರ ಅಂಗಳದಲ್ಲೇ ಕೊನೆಯ ತಾಲೀಮು.

ಏಳುನೂರು ವರ್ಷದ ಹಿಂದೆ ಚೀನಾದಲ್ಲಿದ್ದ ಒಬ್ಬ ನಾಟಕಕಾರನ ಕಥೆ ಅದು. ಹಾಡುವ ಹೆಂಗಸರ ನಡುವೆ ಕೂತು, ಅನ್ಯಾಯಕ್ಕೆ ಸಿಕ್ಕ ಬಡವಿಯರ ಬಾಯಿಗೆ ಮಾತು ಕೊಟ್ಟವನು. ಸಿಮೆಂಟ್ ಚೀಲ ತುಂಬುವ ಕೆಲಸದಲ್ಲಿ ಮುಪ್ಪಾದ ಮಾಸ್ತರ, ಹಳೆಯ ಪುಸ್ತಕವೊಂದರಲ್ಲಿ ಅವನ ವಿಷಯ ಎರಡು ಪುಟ ಓದಿ, ಎರಡು ವರ್ಷ ಕೂತು ನಾಟಕ ಕಟ್ಟಿದ್ದರು. ಪೂರ್ತಿ ಪ್ರತಿ ಇಡುವವರಲ್ಲ ಅವರು. ಒಬ್ಬೊಬ್ಬರಿಗೆ ಅವರವರ ಮಾತಿನ ಹಾಳೆ ಅಷ್ಟೇ. ಅದರಲ್ಲೂ ತೂಕದ ಮಾತನ್ನು ಬರೆಯುತ್ತಿರಲಿಲ್ಲ. ಬರೆದರೆ ಗಿಳಿಯ ಹಾಗೆ ಒಪ್ಪಿಸುತ್ತಾರೆ ಎಂದು ಎದುರಿಗೆ ಕೂರಿಸಿ ಬಾಯಿಂದ ಹೇಳಿಕೊಡುತ್ತಿದ್ದರು.

ಶಹಾಬಾದಿನ ಸುಂದರಮ್ಮನದು ನಾಟಕಕಾರನ ನಟಿಯ ಪಾರ್ಟು. ಅವನ ಹೆಣದ ಮುಂದೆ ಅವಳು ಆಡುವ ಮಾತಿನಿಂದ ನಾಟಕ ಮುಗಿಯಬೇಕು. ಅವಳ ಹಾಳೆಯಲ್ಲಿ ಆ ಜಾಗದಲ್ಲಿ ಇದ್ದದ್ದು, 'ಬಂದಾಗ ಹೇಳ್ತೀನಿ.'

ಮೂರು ಐತವಾರ ಮಾಸ್ತರ ಫೋನ್ ಮಾಡಿ ಕರೆದಿದ್ದರು.

"ಹೆಣದ ಮುಂದ ಅಳೂದು ಕಲಿಸ್ತೀರೇನ್ರಿ ಮಾಸ್ತರ? ಮೂವತ್ತು ವರ್ಷದಿಂದ ಅದನ್ನೇ ಮಾಡಾಕತ್ತೀನಿ," ಎಂದಿದ್ದಳು ಇವಳು.

"ಇದ್ರಾಗ ಅಳೂದಿಲ್ಲ ಯವ್ವ," ಎಂದು ಅವರು ನಕ್ಕಿದ್ದರು. ಅವಳು ಹೋಗಿರಲಿಲ್ಲ.

ಈಗ ಸುಂದರಮ್ಮ ಮಾಸ್ತರರ ಮಗಳನ್ನು ಕರೆದಳು. "ಲುಂಬಿನಿ, ನಿಮ್ಮಪ್ಪ ನಿನ್ನ ಮುಂದ ಏನರ ಹೇಳಿದ್ರೇನ?"

"ಇಲ್ಲ ಚಿಗವ್ವ. ದವಾಖಾನ್ಯಾಗ ನಿಮಗ ಫೋನ್ ಹಚ್ಚು ಅಂತಿದ್ದ. ನಾಟಕದ ಚಿಂತಿ ಸಾಕು, ಮಕ್ಕೋ ಅಂತ ನಾನೇ ಫೋನ್ ಕಸಗೊಂಡೆ." ಹುಡುಗಿ ಸೆರಗಿನ ತುದಿ ಹಿಂಡುತ್ತ ನಿಂತಳು.

ಸುಂದರಮ್ಮ ಅವಳ ತಲೆ ಸವರಿದಳು. "ನೀ ಚಲೋದೇ ಮಾಡೀದಿ."

ನಾಟಕಕಾರನ ಪಾರ್ಟಿನ ನಾಗೇಂದ್ರಪ್ಪ ಹೆಣವಾಗಿ ಚಾಪೆಯ ಮೇಲೆ ಅಂಗಾತ ಮಲಗಿದ್ದ. "ಸತ್ತು ಭಾಳ ಹೊತ್ತಾತು, ಶುರು ಮಾಡವ್ವ. ಮನಸಿಗೆ ಬಂದದ್ದು ಹೇಳು, ಮಂದಿಗೇನ್ ತಿಳೀತದ?"

"ನನಗ ತಿಳೀತದಲ್ರಿ."

ಹಳೆಯ ನಾಟಕಗಳ ಗೋಳಾಟವೆಲ್ಲ ಸಾಲುಸಾಲಾಗಿ ನಾಲಿಗೆಗೆ ಬಂತು. ಒಂದನ್ನೂ ಆಡದೆ ನುಂಗಿದಳು.

ಮರುದಿನ ಸೇಡಂನಲ್ಲಿ ಅವಳು ಹೆಣದ ಪಕ್ಕ ಸುಮ್ಮನೆ ಕೂತಳು. ಪರದೆ ಬಿತ್ತು. ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದು ಮಾಸ್ತರ ಬರೆದ ಮೌನವೆಂದೇ ಅವರು ತಿಳಿದರು. ಮಾಸ್ತರ ಅಲ್ಲಿ ಒಂದು ಮಾತು ಇಟ್ಟಿದ್ದರು. ಅದು ಹೋಯಿತು.